ಲಾಠಿ, ದೇವರು, ಅಮ್ಮನ ಪಿಂಚಣಿ: ಮನಸ್ಸಿನ ಮಾತು ಬರೆದಿದ್ದಕ್ಕೆ ಠಾಣೆಯಿಂದ ಕರೆ ಬಂದರೆ

ಪ್ರಶ್ನೆ: ಮೇಡಂ, ನಾನು ಒಂದು ತಾಲ್ಲೂಕು ಕೇಂದ್ರದಲ್ಲಿ ಖಾಸಗಿ ಫೈನಾನ್ಸ್ ಕಂಪನಿಯ ನೌಕರ. ಈಚೆಗೆ ಫೇಸ್‌ಬುಕ್‌ನಲ್ಲಿ ಮೂರು ಪೋಸ್ಟ್ ಹಾಕಿದ್ದೆ. ಬೆಳೆ ಪರಿಹಾರ ಕೇಳಿ ರಸ್ತೆಯಲ್ಲಿ ಕೂತಿದ್ದ ರೈತರ ಮೇಲೆ ಪೊಲೀಸರು ಲಾಠಿ ಬೀಸಿದರು. ಆ ವಿಡಿಯೊ ನಾನೇ ತೆಗೆದದ್ದು. ಅದನ್ನು ಹಾಕಿ 'ಇದು ಕಾನೂನು ಕಾಪಾಡುವುದಲ್ಲ, ಸರ್ಕಾರಿ ಗೂಂಡಾಗಿರಿ' ಎಂದು ಬರೆದೆ. ಅಣ್ಣನ ಮಗು ಡೆಂಗಿಯಿಂದ ತೀರಿಕೊಂಡ ಮೇಲೆ, 'ದೇವರ ಮೇಲಿನ ನಂಬಿಕೆ ಹೋಗಿದೆ. ಜಾತ್ರೆಗೆ ಲಕ್ಷ ಲಕ್ಷ ಸುರಿಯುವ ಊರಿನ ಆಸ್ಪತ್ರೆಯಲ್ಲಿ ಮಕ್ಕಳ ಡಾಕ್ಟರ್ ಇಲ್ಲ' ಎಂದು ಬರೆದೆ. ಅದರ ಕೆಳಗೆ ಒಬ್ಬರು ತುಂಬಾ ಕೆಟ್ಟದಾಗಿ ಬೈದರು. ಸಿಟ್ಟಿನಲ್ಲಿ ಅವರ ಜಾತಿ ಎತ್ತಿ 'ನಿಮ್ಮ ಜನಾನೇ ಹೀಗೆ' ಎಂದುಬಿಟ್ಟೆ. ಮೂರನೆಯದು ಅಮ್ಮನ ವೃದ್ಧಾಪ್ಯ ವೇತನದ್ದು. ತಿಂಗಳುಗಳಿಂದ ನಿಂತಿದೆ. ಅಲೆದು ಸಾಕಾಗಿ, ಕಚೇರಿಯ ಒಬ್ಬರ ಹೆಸರು ಹಾಕಿ '3,000 ತಿಂದರೂ ಕೆಲಸ ಮಾಡಲಿಲ್ಲ' ಎಂದು ಬರೆದೆ. ಈಗ ಠಾಣೆಯಿಂದ ವಾಟ್ಸಾಪ್ ಮೆಸೇಜ್ ಬಂದಿದೆ: 'ನಿಮ್ಮ ಮೇಲೆ ಅರ್ಜಿ ಬಂದಿದೆ. ಬಂದು ಹೋಗಿ. ಫೋನ್ ತನ್ನಿ.' ಅಪ್ಪ ಎಲ್ಲಾ ಡಿಲೀಟ್ ಮಾಡಿ ಕ್ಷಮೆ ಕೇಳು ಅನ್ನುತ್ತಾರೆ. ಸ್ನೇಹಿತರು ದೇಶದ್ರೋಹದ ಕೇಸ್ ಹಾಕುತ್ತಾರೆ ಎಂದು ಹೆದರಿಸುತ್ತಿದ್ದಾರೆ. ನನ್ನ ಅಕ್ಕ ಸರ್ಕಾರಿ ಶಾಲೆಯ ಶಿಕ್ಷಕಿ. ಲಾಠಿಯ ವಿಡಿಯೊ ಶೇರ್ ಮಾಡಿದ್ದಾಳೆ. ಅವಳಿಗೂ ತೊಂದರೆ ಆಗುತ್ತದಾ?

ಉತ್ತರ: ಮೊದಲಿಗೆ, ಮಗುವಿನ ವಿಷಯ ಓದಿ ತುಂಬಾ ನೋವಾಯಿತು. ಆ ದುಃಖದಲ್ಲಿ ಇರುವವರಿಗೆ ಠಾಣೆಯ ಚಿಂತೆಯೂ ಸೇರಿಕೊಳ್ಳಬಾರದಿತ್ತು.

ನಿಮ್ಮ ಪತ್ರದಲ್ಲಿ ಎರಡು ಭಯಗಳು ಒಂದಕ್ಕೊಂದು ಹೆಣೆದುಕೊಂಡಿವೆ. ನಾನು ಬರೆದದ್ದು ಅಪರಾಧವೇ ಎಂಬುದು ಒಂದು. ಅಪರಾಧ ಅಲ್ಲದಿದ್ದರೂ ನನ್ನನ್ನು ಸತಾಯಿಸಬಹುದೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ: ಬಹುಪಾಲು ಅಲ್ಲ. ಆದರೆ ಎರಡು ಸಾಲುಗಳ ಬಗ್ಗೆ ನನಗೆ ಚಿಂತೆ ಇದೆ. ಅವು ನೀವು ಹೆದರಿರುವ ಸಾಲುಗಳಲ್ಲ. ಎರಡನೆಯದಕ್ಕೆ ಉತ್ತರ: ಹೌದು, ಸತಾಯಿಸಬಹುದು. ಅದನ್ನು ಕಡಿಮೆ ಮಾಡುವ ದಾರಿಗಳಿವೆ.

ಬೀದರ್‌ನಲ್ಲಿ ನಡೆದದ್ದನ್ನು ನೋಡಿ. 2020ರ ಜನವರಿಯಲ್ಲಿ ಅಲ್ಲಿನ ಶಾಲೆಯೊಂದರಲ್ಲಿ ಮಕ್ಕಳು ಪೌರತ್ವ ಕಾಯ್ದೆ ಬಗ್ಗೆ ನಾಟಕ ಆಡಿದರು. ರಾಜದ್ರೋಹದ ಕೇಸ್ ಬಿತ್ತು. ಒಬ್ಬ ಶಿಕ್ಷಕಿ ಮತ್ತು ಒಂದು ಮಗುವಿನ ತಾಯಿ ಜೈಲಿಗೆ ಹೋದರು. 2023ರ ಜೂನ್‌ನಲ್ಲಿ ಹೈಕೋರ್ಟ್‌ನ ಕಲಬುರಗಿ ಪೀಠ ಶಾಲೆಯ ಆಡಳಿತ ಮಂಡಳಿಯವರ ಮೇಲಿನ ಕೇಸನ್ನು ರದ್ದು ಮಾಡಿತು. ಆ ನಾಟಕ ರಾಜದ್ರೋಹ ಅಲ್ಲ ಎಂದಿತು. ಕಾನೂನು ಗೆದ್ದಿತು, ಸರಿ. ಆದರೆ ಮೂರು ವರ್ಷ ಆದ ಮೇಲೆ. ಹಾಗಾಗಿ 'ಏನೂ ಆಗಲ್ಲ, ಧೈರ್ಯವಾಗಿರಿ' ಎಂದು ಸುಮ್ನೆ ಬೆನ್ನು ತಟ್ಟಿ ಕಳಿಸಲು ನನಗೆ ಮನಸ್ಸಿಲ್ಲ.

ದೇಶದ್ರೋಹದ ಮಾತು ಬೇಗ ಮುಗಿಸೋಣ. ರಾಜದ್ರೋಹದ ಹಳೆಯ 124ಎ ಕಲಮನ್ನು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ತಡೆಹಿಡಿಯಿತು. ಅರ್ಜಿ ಹಾಕಿದವರಲ್ಲಿ ಮೊದಲ ಹೆಸರು ನಮ್ಮ ಮೈಸೂರಿನಲ್ಲಿರುವ ನಿವೃತ್ತ ಮೇಜರ್ ಜನರಲ್ ಎಸ್.ಜಿ. ಒಂಬತ್ಕೆರೆ ಅವರದು. 2024ರ ಜುಲೈ 1ರಿಂದ ಹಳೆಯ ಐಪಿಸಿಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಅದರಲ್ಲಿ 152ನೇ ಕಲಂ ಇದೆ. ಅದು ದೇಶ ಒಡೆಯುವುದು, ಸಶಸ್ತ್ರ ದಂಗೆ, ಸಾರ್ವಭೌಮತೆಗೆ ಧಕ್ಕೆ ಇಂಥದ್ದರ ಬಗ್ಗೆ. ಒಂದು ಠಾಣೆಯ ಪೊಲೀಸರನ್ನು ಟೀಕಿಸಿದರೆ ದೇಶವನ್ನು ಒಡೆದ ಹಾಗೆ ಆಗುವುದಿಲ್ಲ. ಸರ್ಕಾರದ ವಿರುದ್ಧ ಎಷ್ಟೇ ಕಟುವಾಗಿ ಮಾತಾಡಿದರೂ ಅದು ಹಿಂಸೆಗೆ ಪ್ರಚೋದನೆ ಕೊಡದ ಹೊರತು ರಾಜದ್ರೋಹ ಅಲ್ಲ ಎಂದು 1962ರ ಕೇದಾರನಾಥ್ ಸಿಂಗ್ ತೀರ್ಪೇ ಹೇಳಿದೆ.

ಇನ್ನೊಂದು ಹೆದರಿಕೆ 'ಐಟಿ ಆ್ಯಕ್ಟ್ 66ಎ', ಅಂದರೆ ಆನ್‌ಲೈನ್‌ನಲ್ಲಿ ಆಕ್ಷೇಪಾರ್ಹ ಸಂದೇಶ ಹಾಕಿದವರನ್ನು ಶಿಕ್ಷಿಸುತ್ತಿದ್ದ ಕಲಂ. ಇದು 2015ರಲ್ಲೇ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ರದ್ದಾಯಿತು. ಆಮೇಲೂ ಕೆಲವು ಕಡೆ ಕೇಸ್ ಹಾಕುತ್ತಲೇ ಇದ್ದರು. 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೆ ಎಚ್ಚರಿಸಬೇಕಾಯಿತು. 'ಸರ್ಕಾರಿ ಕೆಲಸಕ್ಕೆ ಅಡ್ಡಿ' ಎಂಬ ಕೇಸಿಗೂ ನಿಮ್ಮ ಪೋಸ್ಟಿಗೂ ಸಂಬಂಧವಿಲ್ಲ. ಅದು ಐಪಿಸಿಯ ಹಳೆಯ 353, ನ್ಯಾಯ ಸಂಹಿತೆಯ ಈಗಿನ 132ನೇ ಕಲಂ. ಅದಕ್ಕೆ ಹಲ್ಲೆ ಅಥವಾ ಬಲಪ್ರಯೋಗ ಬೇಕು. ಹೊಸ ಕಾಯ್ದೆಯಲ್ಲಿ 353 ಎಂದರೆ ಸುಳ್ಳು ಸುದ್ದಿ, ವದಂತಿಯ ಕಲಂ. ಯಾರಾದರೂ '353 ಹಾಕ್ತೀವಿ' ಎಂದರೆ ಯಾವ ಕಾಯ್ದೆಯ 353 ಎಂದು ಕೇಳಿ.

ಈಗ ಲಾಠಿಯ ಪೋಸ್ಟ್. 'ಸರ್ಕಾರಿ ಗೂಂಡಾಗಿರಿ' ಎಂಬುದು ಅಭಿಪ್ರಾಯ. ಖಾರವಾದ ಅಭಿಪ್ರಾಯ, ಅಷ್ಟೇ. 2024ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮಹಾರಾಷ್ಟ್ರದ ಪ್ರಾಧ್ಯಾಪಕರೊಬ್ಬರ ಕೇಸನ್ನು ರದ್ದು ಮಾಡಿತು. ಅವರು ಜಮ್ಮು–ಕಾಶ್ಮೀರದ ವಿಶೇಷ ಸ್ಥಾನ ತೆಗೆದ ದಿನವನ್ನು 'ಕರಾಳ ದಿನ' ಎಂದು ವಾಟ್ಸಾಪ್ ಸ್ಟೇಟಸ್ ಹಾಕಿದ್ದರು. ಸರ್ಕಾರದ ಯಾವುದೇ ನಿರ್ಧಾರವನ್ನು ಟೀಕಿಸುವ ಹಕ್ಕು ಪ್ರತಿ ಪ್ರಜೆಗೂ ಇದೆ, ಪೊಲೀಸರಿಗೇ ಈ ಬಗ್ಗೆ ತಿಳಿವಳಿಕೆ ಕೊಡಬೇಕು ಎಂದು ಆ ತೀರ್ಪು ಹೇಳಿತು. ಒಂದು ಮಾತು ಅಪರಾಧವೋ ಅಲ್ಲವೋ ಎಂದು ಅಳೆಯುವಾಗ ಗಟ್ಟಿ ಮನಸ್ಸಿನ, ವಿವೇಕ ಇರುವ ಮನುಷ್ಯನ ಕಣ್ಣಿಂದ ನೋಡಬೇಕು. ಎಲ್ಲದರಲ್ಲೂ ಕೇಡು ಕಾಣುವವನ ಕಣ್ಣಿಂದಲ್ಲ. ಇದು ನಮ್ಮ ನ್ಯಾಯಾಲಯಗಳು ಮೊದಲಿಂದ ಹಿಡಿದುಕೊಂಡು ಬಂದಿರುವ ಅಳತೆ.

ಆದರೆ ನಿಮ್ಮ ಪೋಸ್ಟಿನ ನಿಜವಾದ ಬಲ ಆ ಪದದಲ್ಲಿ ಇಲ್ಲ, ವಿಡಿಯೊದಲ್ಲಿ ಇದೆ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದಿರುವ ನಾಗರಿಕ ಸುರಕ್ಷಾ ಸಂಹಿತೆಯ 148ನೇ ಕಲಂ ಪ್ರಕಾರ ಅಕ್ರಮ ಕೂಟವನ್ನು ಮೊದಲು ಚದುರಿ ಎಂದು ಆದೇಶಿಸಬೇಕು. ಚದುರದಿದ್ದರೆ ಅಥವಾ ಚದುರುವುದಿಲ್ಲ ಎಂದು ಜನರ ನಡವಳಿಕೆಯೇ ತೋರಿಸಿದರೆ ಆಮೇಲೆ ಬಲ. ನಿಮ್ಮ ವಿಡಿಯೊದಲ್ಲಿ ಮೈಕಿನಲ್ಲಿ ಎಚ್ಚರಿಕೆ ಕೊಟ್ಟದ್ದು ಕೇಳುತ್ತದೆಯೇ? ಎಚ್ಚರಿಕೆಗೂ ಮೊದಲ ಏಟಿಗೂ ನಡುವೆ ಎಷ್ಟು ಹೊತ್ತು? ಓಡುತ್ತಿರುವವರ ಬೆನ್ನಿಗೆ, ಬಿದ್ದವರ ತಲೆಗೆ ಹೊಡೆದದ್ದು ಕಾಣುತ್ತದೆಯೇ? ಇದನ್ನೇ ಬರೆಯಿರಿ. 'ಗೂಂಡಾಗಿರಿ' ಎಂಬ ಪದಕ್ಕೆ ಎದುರು ವಾದ ಮಾಡಬಹುದು. 'ಎಚ್ಚರಿಕೆ ಇಲ್ಲದೆ ಹೊಡೆದರು, ಬಿದ್ದ ಮುದುಕನಿಗೆ ಮತ್ತೆ ಹೊಡೆದರು' ಎಂಬುದಕ್ಕೆ ವಿಡಿಯೊ ಇದ್ದರೆ ವಾದ ಮಾಡುವುದು ಕಷ್ಟ.

ಮೂಲ ಫೈಲನ್ನು ಕತ್ತರಿಸಬೇಡಿ, ಹಾಡು ಸೇರಿಸಬೇಡಿ. ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೊ ಥರ ಕಳಿಸಿದರೆ ಅದು ಕುಗ್ಗುತ್ತದೆ, ಮೂಲ ವಿವರಗಳು ಹೋಗುತ್ತವೆ. ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ತೆಗೆದು ಬೇರೆಯವರ ಮನೆಯಲ್ಲಿ ಇಡಿ. ಪ್ರತಿಯನ್ನು ಕೋರ್ಟ್‌ಗೆ ಕೊಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ತೆಗೆದವರು ನೀವೇ ಆಗಿರುವುದು ಒಳ್ಳೆಯದೇ ಆಯಿತು. ಏಟು ತಿಂದ ರೈತರು ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ಪ್ರಮಾಣಪತ್ರ ತೆಗೆದುಕೊಂಡಿದ್ದಾರಾ ವಿಚಾರಿಸಿ. ಎಸ್‌ಪಿಗೆ, ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ, ಪೊಲೀಸ್ ದೂರು ಪ್ರಾಧಿಕಾರಕ್ಕೆ ದೂರು ಕೊಡಬೇಕಾದವರು ಅವರು. ನೀವು ಸಾಕ್ಷಿ.

ಇಲ್ಲಿ ನನ್ನ ಅಭಿಪ್ರಾಯವನ್ನೂ ಹೇಳುತ್ತೇನೆ. ಗುಂಪು ಚದುರಿಸುವಾಗ ಪೊಲೀಸರು ಮಾಡಿದ್ದಕ್ಕೆ ಅವರ ಮೇಲೆ ಕೇಸ್ ನಡೆಸಬೇಕಾದರೆ ಅದೇ ಸುರಕ್ಷಾ ಸಂಹಿತೆಯ 151ನೇ ಕಲಂ ಪ್ರಕಾರ ಸರ್ಕಾರದ ಅನುಮತಿ ಬೇಕು. ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಮಿನದೂ ಇಂಥದ್ದೇ ರಕ್ಷಣೆ. 2020ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕರ್ತವ್ಯಕ್ಕೆ ಸಂಬಂಧಪಟ್ಟ ಕೆಲಸದಲ್ಲಿ ಪೊಲೀಸರು ಮಿತಿ ಮೀರಿದ್ದರೂ ಅನುಮತಿ ಬೇಕೇ ಬೇಕು ಎಂದಿತು. ಹೊಡೆದವರನ್ನು ಪ್ರಶ್ನಿಸಲು ಹೊಡೆಸಿದವರ ಒಪ್ಪಿಗೆ ಬೇಕು ಎಂದಾದರೆ ನ್ಯಾಯ ಎಲ್ಲಿಂದ ಬರಬೇಕು? ಅದಕ್ಕೇ ನಿಮ್ಮಂಥವರ ವಿಡಿಯೊ, ನಿಮ್ಮಂಥವರ ಮಾತು ಬೇಕು. ಅದನ್ನು ಅಳಿಸಿಹಾಕಿ ಎಂದು ನಾನು ಹೇಳುವುದಿಲ್ಲ.

ದೇವರ ಪೋಸ್ಟ್ ಬಗ್ಗೆ ನಿಮಗೆ ಜಾಸ್ತಿ ಭಯ ಇದ್ದ ಹಾಗಿದೆ. ಸಂವಿಧಾನದ 25ನೇ ವಿಧಿ ಕೊಡುವುದು ಆತ್ಮಸಾಕ್ಷಿಯ ಸ್ವಾತಂತ್ರ್ಯ. ನಂಬುವುದು ಹೇಗೋ ನಂಬದಿರುವುದೂ ಹಾಗೆಯೇ. 'ನನ್ನ ನಂಬಿಕೆ ಹೋಗಿದೆ' ಎಂಬುದು ನಿಮ್ಮೊಳಗಿನ ಸ್ಥಿತಿ. ಅದು ಯಾರಿಗೂ ಅವಮಾನ ಅಲ್ಲ. ಜಾತ್ರೆಯ ಖರ್ಚು ಮತ್ತು ಆಸ್ಪತ್ರೆಯ ಸ್ಥಿತಿ ಹೋಲಿಸುವುದು ಊರಿನ ದುಡ್ಡಿನ ಬಗ್ಗೆ ಮಾತು.

ಧಾರ್ಮಿಕ ಭಾವನೆಗೆ ಧಕ್ಕೆ ಎಂಬ ಕಲಂ ಈಗ ನ್ಯಾಯ ಸಂಹಿತೆಯಲ್ಲಿ 299. ಮೊದಲು 295ಎ ಇತ್ತು. 1927ರಲ್ಲಿ ಬ್ರಿಟಿಷರು ಇದನ್ನು ಸೇರಿಸಿದಾಗಲೇ 'ಬೇಕೆಂದೇ, ದುರುದ್ದೇಶದಿಂದ' ಎಂಬ ಎರಡು ಷರತ್ತು ಇಟ್ಟರು. ಎರಡೂ ಇರಬೇಕು. 1957ರ ರಾಮ್‌ಜಿಲಾಲ್ ಮೋದಿ ತೀರ್ಪು ಇದನ್ನು ಬಿಡಿಸಿ ಹೇಳಿದೆ. 2017ರಲ್ಲಿ ಕ್ರಿಕೆಟಿಗ ಧೋನಿ ಅವರ ಮೇಲಿನ ಕೇಸ್ ರದ್ದು ಮಾಡುವಾಗ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು: ಅರಿಯದೆ, ಅಜಾಗರೂಕತೆಯಿಂದ ಆದ ಅವಮಾನ ಈ ಕಲಮಿನೊಳಗೆ ಬರುವುದಿಲ್ಲ. ಇಷ್ಟೇ ಅಲ್ಲ. 299 ಮತ್ತು ಸಮುದಾಯಗಳ ನಡುವೆ ದ್ವೇಷ ಹರಡುವ 196ನೇ ಕಲಮಿನ ಕೇಸನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಆದರೆ ಎಫ್‌ಐಆರ್ ಹಾಕಲು, ಬಂಧಿಸಲು ಈ ಅನುಮತಿ ಬೇಕಿಲ್ಲ. ಈ ಎರಡೂ ಜಾಮೀನುರಹಿತ ಕಲಮುಗಳು. ತೊಂದರೆ ಆಗುವುದು ಆ ಸಂದಿಯಲ್ಲಿ.

ನನಗೆ ಚಿಂತೆ ಇರುವ ಮೊದಲ ಸಾಲು ಪೋಸ್ಟಿನಲ್ಲಿ ಇಲ್ಲ, ಅದರ ಕೆಳಗಿದೆ. 'ನಿಮ್ಮ ಜನಾನೇ ಹೀಗೆ.' ನಾನು ನೋಡಿದ ಇಂಥ ಪ್ರಕರಣಗಳಲ್ಲಿ ಜನ ಯೋಚಿಸಿ ಬರೆದ ಪೋಸ್ಟಿಗಿಂತ ರಾತ್ರಿ ಸಿಟ್ಟಿನಲ್ಲಿ ಕೊಟ್ಟ ಉತ್ತರಗಳಿಂದಲೇ ಹೆಚ್ಚು ಸಿಕ್ಕಿಕೊಂಡಿದ್ದಾರೆ. ಜಾತಿ, ಧರ್ಮದ ಹೆಸರಲ್ಲಿ ದ್ವೇಷ ಹರಡುವ 196ನೇ ಕಲಂ ಹಾಕಲು ಪೊಲೀಸರು ಹುಡುಕುವುದೇ ಇಂಥ ಸಾಲು. ಒಂದು ಸಾಲಿನ ಬೈಗುಳ ಆ ಕಲಮಿಗೆ ಸಾಲದು ಎಂದು ನಾವು ವಾದ ಮಾಡಬಹುದು. ಆದರೆ ಅವರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿದ್ದು, ನೀವು ಅಲ್ಲದಿದ್ದರೆ, ವಿಷಯವೇ ಬೇರೆ. ದೌರ್ಜನ್ಯ ತಡೆ ಕಾಯ್ದೆಯಡಿ ನಿರೀಕ್ಷಣಾ ಜಾಮೀನು ಸಿಗುವುದೇ ಕಷ್ಟ. ಇದನ್ನು ಇವತ್ತೇ ನಿಮ್ಮ ವಕೀಲರಿಗೆ ಮುಚ್ಚಿಡದೆ ಹೇಳಿ.

ಕಾನೂನು ಪಕ್ಕಕ್ಕಿಟ್ಟು ನೋಡಿದರೂ ಆ ಮಾತು ತಪ್ಪು. ಬೈದವರು ಒಬ್ಬರು. ನೀವು ಸೇರಿಸಿದ್ದು ಇಡೀ ಸಮುದಾಯವನ್ನು. ಅಪ್ಪ ಹೇಳುವ ಕ್ಷಮೆ ಕೇಳಬೇಕಾದದ್ದು ಇದೊಂದಕ್ಕೆ. ಮೊದಲು ಇಡೀ ಮಾತುಕತೆಯ ಸ್ಕ್ರೀನ್‌ಶಾಟ್ ತೆಗೆದಿಡಿ. ಅವರ ಬೈಗುಳವೂ ಅದರಲ್ಲಿರಲಿ. ವಕೀಲರಿಗೆ ತೋರಿಸಿ, ಅವರು ಸರಿ ಎಂದ ಮೇಲೆ ಕಾಮೆಂಟ್ ತೆಗೆದು ಎರಡು ಸಾಲಿನಲ್ಲಿ ವಿಷಾದ ಬರೆಯಿರಿ. ಉಳಿದದ್ದನ್ನು ಗಾಬರಿಯಿಂದ ಅಳಿಸಬೇಡಿ. ದೂರು ಕೊಟ್ಟವರ ಹತ್ತಿರ ಸ್ಕ್ರೀನ್‌ಶಾಟ್ ಇದ್ದೇ ಇರುತ್ತದೆ. ಅಳಿಸಿದರೆ ನಿಮ್ಮ ಹತ್ತಿರ ಪೂರ್ತಿ ಸಂದರ್ಭ ಉಳಿಯುವುದಿಲ್ಲ, ಮೇಲಿಂದ ಸಾಕ್ಷ್ಯ ನಾಶದ ಮಾತೂ ಬರುತ್ತದೆ.

ಎರಡನೇ ಸಾಲು ಪಿಂಚಣಿಯ ಪೋಸ್ಟಿನದು. ಕಚೇರಿಯಲ್ಲಿ ಕೆಲಸ ಆಗುತ್ತಿಲ್ಲ ಎಂದು ಬರೆಯುವುದಕ್ಕೆ ಯಾರೂ ಹೆದರಬೇಕಿಲ್ಲ. 2021ರ ಏಪ್ರಿಲ್ 30ರಂದು, ಆಕ್ಸಿಜನ್ ಇಲ್ಲ, ಹಾಸಿಗೆ ಇಲ್ಲ ಎಂದು ಗೋಳು ಹೇಳಿಕೊಂಡವರ ಮೇಲೆ ಕ್ರಮಕ್ಕೆ ಇಳಿದರೆ ನ್ಯಾಯಾಂಗ ನಿಂದನೆ ಎಂದು ಪರಿಗಣಿಸುತ್ತೇವೆ ಎಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಎಚ್ಚರಿಕೆ ಕೊಟ್ಟಿತ್ತು. ಆದರೆ '3,000 ತಿಂದರು' ಎಂಬುದು ಅಭಿಪ್ರಾಯ ಅಲ್ಲ, ಹೆಸರು ಹಾಕಿ ಮಾಡಿದ ಆರೋಪ. ನ್ಯಾಯ ಸಂಹಿತೆಯ 356ನೇ ಕಲಮಿನ ಮಾನನಷ್ಟದಲ್ಲಿ ಅದು ನಿಜ ಎಂದೂ, ಸಾರ್ವಜನಿಕ ಹಿತಕ್ಕೆ ಹೇಳಿದ್ದು ಎಂದೂ ನೀವೇ ತೋರಿಸಬೇಕು. ಸಮಾಧಾನ ಎಂದರೆ, ಮಾನನಷ್ಟಕ್ಕೆ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕುವಂತಿಲ್ಲ. ನೀವು ಹೆಸರು ಹಾಕಿದ ಆ ನೌಕರರೇ ಮ್ಯಾಜಿಸ್ಟ್ರೇಟ್ ಬಳಿ ಖಾಸಗಿ ದೂರು ಕೊಡಬೇಕು.

ಇದಕ್ಕಿಂತ ದೊಡ್ಡ ಪ್ರಶ್ನೆ: ಆ ದುಡ್ಡು ಕೊಟ್ಟವರು ಯಾರು? ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿಯ ನಂತರ ಲಂಚ ಕೊಟ್ಟವರೂ ಅಪರಾಧಿಗಳೇ. ಬಲವಂತಕ್ಕೆ ಕೊಟ್ಟದ್ದಾದರೆ ಏಳು ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ತಿಳಿಸಿದವರಿಗೆ ಮಾತ್ರ ರಕ್ಷಣೆ. 'ನಾನು ಕೊಟ್ಟೆ' ಎಂದು ಫೇಸ್‌ಬುಕ್‌ನಲ್ಲಿ ಬರೆಯುವವರಿಗೆ ಇದು ಗೊತ್ತೇ ಇರುವುದಿಲ್ಲ. ಈ ಬಗ್ಗೆ ಠಾಣೆಯಲ್ಲಿ ಒಂದು ಮಾತೂ ಆಡಬೇಡಿ, ಮೊದಲು ವಕೀಲರ ಹತ್ತಿರ ಮಾತಾಡಿ. ಮುಂದೆ ಯಾರಾದರೂ ದುಡ್ಡು ಕೇಳಿದರೆ ಕೊಡುವ ಮೊದಲೇ ಲೋಕಾಯುಕ್ತ ಪೊಲೀಸರ ಬಳಿ ಹೋಗಿ. 2022ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ (ಎಸಿಬಿ) ರದ್ದಾದ ಮೇಲೆ ಈ ಕೆಲಸ ಅವರದೇ.

ಅಮ್ಮನ ಪಿಂಚಣಿಗೆ ಬೇರೆ ದಾರಿ ಹಿಡಿಯಬೇಕು. ನಿಂತದ್ದು ಯಾಕೆ ಎಂಬುದಕ್ಕೆ ಕಡತದಲ್ಲಿ ಒಂದು ಕಾರಣ ಇರುತ್ತದೆ. ಆಧಾರ್ ಜೋಡಣೆ ತಪ್ಪಿರಬಹುದು, ಪರಿಶೀಲನೆಯಲ್ಲಿ 'ಊರಲ್ಲಿಲ್ಲ' ಎಂದು ಬರೆದಿರಬಹುದು. ₹10ರ ಶುಲ್ಕದೊಂದಿಗೆ ಆರ್‌ಟಿಐ ಹಾಕಿ. ಅಮ್ಮ ಬಿಪಿಎಲ್ ಆಗಿದ್ದು ಅವರ ಹೆಸರಲ್ಲೇ ಹಾಕಿದರೆ ಶುಲ್ಕ ಇಲ್ಲ. 'ಪಿಂಚಣಿ ತಡೆದ ಆದೇಶದ ಪ್ರತಿ ಮತ್ತು ಕಾರಣ ಕೊಡಿ' ಎಂದು ಒಂದೇ ವಿಷಯ ಕೇಳಿ. ಕರ್ನಾಟಕದ ನಿಯಮದಲ್ಲಿ ಅರ್ಜಿ ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. 30 ದಿನದಲ್ಲಿ ಉತ್ತರ ಬರಬೇಕು. ಹೊಸದಾಗಿ ಅರ್ಜಿ ಕೊಡುವುದಾದರೆ ಸಕಾಲ ರಸೀದಿ ತೆಗೆದುಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿ. ತಡವಾದರೆ ಮೇಲ್ಮನವಿಗೆ ಆ ನಂಬರೇ ಆಧಾರ. ಸರ್ಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೂ ದೂರು ಕೊಟ್ಟಿರಿ.

ಇನ್ನು ಠಾಣೆಯ ಕರೆ. ಬಂಧಿಸದೆ ಹಾಜರಾಗಲು ಹೇಳುವ, ನಾಗರಿಕ ಸುರಕ್ಷಾ ಸಂಹಿತೆಯ 35(3)ರ ನೋಟಿಸನ್ನು ವಾಟ್ಸಾಪ್‌ನಲ್ಲಿ ಕಳಿಸುವಂತಿಲ್ಲ ಎಂದು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಿಮಗೆ ಬಂದದ್ದರಲ್ಲಿ ಅಪರಾಧ ಸಂಖ್ಯೆಯೂ ಇಲ್ಲ, ಕಲಮೂ ಇಲ್ಲ. ಬಹುಶಃ ಎಫ್‌ಐಆರ್ ಆಗಿಲ್ಲ, ಅರ್ಜಿ ವಿಚಾರಣೆ ಅಷ್ಟೇ. ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಡಿವೈಎಸ್‌ಪಿ ಅನುಮತಿ ಪಡೆದು 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡಲು 173(3)ರಲ್ಲಿ ಅವಕಾಶವಿದೆ. ಮಾತು, ಬರಹದ ಕೇಸುಗಳಲ್ಲಿ ಸಾಮಾನ್ಯವಾಗಿ ಹಾಗೇ ಮಾಡುವುದು ಸರಿ ಎಂದು 2025ರ ಮಾರ್ಚ್‌ನಲ್ಲಿ, ಸಂಸದ ಇಮ್ರಾನ್ ಪ್ರತಾಪ್‌ಗಢಿ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂತು.

ಹಾಗೆಂದು ಹೋಗದೆ ಕೂರಬೇಡಿ. ಸಣ್ಣ ಊರಿನಲ್ಲಿ ಅದನ್ನು ಸೊಕ್ಕು ಎಂದು ತಿಳಿಯುತ್ತಾರೆ. ಮೆಸೇಜಿಗೆ ಮರ್ಯಾದೆಯಿಂದ ಉತ್ತರ ಕೊಡಿ: 'ಸರ್, ಸಹಕರಿಸುತ್ತೇನೆ. ದಯವಿಟ್ಟು ಅರ್ಜಿಯ ವಿವರದೊಂದಿಗೆ ಲಿಖಿತ ನೋಟಿಸ್ ಕೊಡಿ.' ನೋಟಿಸ್ ಬಂದರೆ ವಕೀಲರ ಜೊತೆ, ಹಗಲು ಹೊತ್ತಿನಲ್ಲಿ ಹೋಗಿ. 35(3)ರ ನೋಟಿಸಿಗೆ ತಕ್ಕ ಹಾಗೆ ನಡೆದುಕೊಂಡವರನ್ನು ಕಾರಣ ಬರೆಯದೆ ಬಂಧಿಸುವಂತಿಲ್ಲ. ಕಡೆಗಣಿಸಿದರೆ ಅದೇ ಬಂಧನಕ್ಕೆ ಕಾರಣ ಆಗುತ್ತದೆ. ನಿಮ್ಮನ್ನೇ ಸಿಕ್ಕಿಸುವ ಪ್ರಶ್ನೆಗೆ ಉತ್ತರಿಸಬೇಕಿಲ್ಲ. ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಿಲ್ಲ.

ಫೋನನ್ನು ಸುಮ್ನೆ ಮೇಜಿನ ಮೇಲೆ ಇಟ್ಟು ಬರಬೇಡಿ. ಜಪ್ತಿ ಮಾಡುವುದಾದರೆ ಪಂಚನಾಮೆ, ಪಟ್ಟಿ ಬೇಕು. ಪಾಸ್‌ವರ್ಡ್ ಕೊಡು ಎಂದು ಬಾಯಿಮಾತಿನಲ್ಲಿ ಒತ್ತಾಯ ಮಾಡಿದರೆ ಒಪ್ಪಬೇಕಿಲ್ಲ. ಅದಕ್ಕೆ ಪೊಲೀಸರು ಕೋರ್ಟ್‌ಗೆ ಹೋಗಬೇಕು. 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ನಮ್ಮ ಹೈಕೋರ್ಟ್ ಈ ಬಗ್ಗೆ ವಿವರವಾಗಿ ಹೇಳಿದೆ.

ಠಾಣೆಯಲ್ಲಿ ಬಹುಶಃ ಕೇಳುವುದು ಮುಚ್ಚಳಿಕೆ. 'ಇನ್ನು ಮುಂದೆ ಇಂಥದ್ದು ಬರೆಯಲ್ಲ ಅಂತ ಬರ್ಕೊಟ್ಟು ಹೋಗಿ, ಕೇಸ್ ಬೇಡ.' ತುಂಬಾ ಜನ ಇದಕ್ಕೆ ಒಪ್ಪಿ ಬರುತ್ತಾರೆ. ಅವರನ್ನು ನಾನು ಹೇಡಿಗಳು ಎನ್ನುವುದಿಲ್ಲ. ಮನೆ, ಕೆಲಸ ಎಲ್ಲಾ ಇರುತ್ತದೆ. ಆದರೆ ಅದರಲ್ಲಿ 'ನಾನು ತಪ್ಪು ಮಾಡಿದ್ದೇನೆ, ಪೊಲೀಸರ ಬಗ್ಗೆ ಸುಳ್ಳು ಬರೆದಿದ್ದೇನೆ' ಎಂದು ಬರೆಸಿಕೊಂಡರೆ ನಾಳೆ ಆ ರೈತರ ದೂರಿಗೇ ಅದು ಅಡ್ಡ ಬರುತ್ತದೆ. ನಿಮ್ಮ ವಿಡಿಯೊದ ಬೆಲೆ ಹೋಗುತ್ತದೆ. ಬರೆಯಲೇಬೇಕಾದರೆ ಕಾಮೆಂಟಿನ ಬಗ್ಗೆ ಮಾತ್ರ ಬರೆಯಿರಿ, ಅದನ್ನೂ ವಕೀಲರು ನೋಡಿದ ಮೇಲೆ.

ಎಫ್‌ಐಆರ್ ಆಗಿಬಿಟ್ಟರೆ ಮೊದಲು ಜಾಮೀನು, ಆಮೇಲೆ ಸುರಕ್ಷಾ ಸಂಹಿತೆಯ 528ನೇ ಕಲಮಿನಡಿ ಹೈಕೋರ್ಟ್‌ನಲ್ಲಿ ರದ್ದತಿ ಅರ್ಜಿ. ಲಾಠಿ ಮತ್ತು ದೇವರ ಪೋಸ್ಟುಗಳಷ್ಟೇ ಆಧಾರವಾಗಿದ್ದರೆ ನಿಮ್ಮ ಕಡೆ ಬಲವಾದ ವಾದ ಇದೆ. ಕಾಮೆಂಟ್ ಮತ್ತು ಲಂಚದ ಸಾಲು ಸೇರಿದರೆ ಸ್ವಲ್ಪ ತೊಡಕು. ನಿಮ್ಮ ಕಂಪನಿಗೆ ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು, ನೇಮಕಾತಿ ಪತ್ರದಲ್ಲಿ ಸಾಮಾಜಿಕ ಜಾಲತಾಣದ ಷರತ್ತು ಇದೆಯಾ ನೋಡಿಕೊಳ್ಳಿ.

ಅಕ್ಕನ ವಿಷಯ ನಿಮಗಿಂತ ಸೂಕ್ಷ್ಮ. ಸರ್ಕಾರಿ ನೌಕರರಿಗೆ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು, 2021 ಅನ್ವಯಿಸುತ್ತವೆ. ಸರ್ಕಾರದ ನೀತಿ, ಕ್ರಮಗಳನ್ನು ಬಹಿರಂಗವಾಗಿ ಟೀಕಿಸಲು ಅಲ್ಲಿ ನಿರ್ಬಂಧ ಇದೆ. ಕ್ರಿಮಿನಲ್ ಕೇಸ್ ಇಲ್ಲದಿದ್ದರೂ ಇಲಾಖಾ ನೋಟಿಸ್ ಬರಬಹುದು. 'ನಾನು ಬರೆದದ್ದಲ್ಲ, ಶೇರ್ ಮಾಡಿದ್ದು ಅಷ್ಟೇ' ಎಂಬ ಉತ್ತರವನ್ನು ನೆಚ್ಚಿಕೊಳ್ಳಬೇಡಿ. ಫಾರ್ವರ್ಡ್ ಮಾಡುವುದು ಒಪ್ಪಿದ ಹಾಗೆ ಎಂದು 2018ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿದೆ. ಅಕ್ಕ ತಮ್ಮದೇ ಮಾತು ಸೇರಿಸದೆ ಬರೀ ವಿಡಿಯೊ ಹಂಚಿದ್ದರೆ ವಿವರಣೆ ಕೊಡುವುದು ಸುಲಭ. ನೋಟಿಸ್ ಬಂದರೆ ಅದರಲ್ಲಿ ಕೊಟ್ಟ ಗಡುವಿನೊಳಗೆ ಬರಹದಲ್ಲೇ ಉತ್ತರ ಕೊಡಲಿ, ಸಂಘದವರನ್ನೂ ಜೊತೆಗೆ ಕರೆದುಕೊಳ್ಳಲಿ.

ವಕೀಲರ ಫೀಸ್ ಚಿಂತೆ ಇದ್ದರೆ ನಿಮ್ಮ ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ವಕೀಲರು ಸಿಗುತ್ತಾರೆ. ಹಾಗಾಗಿ ಅಕ್ಕನ ನೋಟಿಸಿಗೂ ಅಮ್ಮನ ಪಿಂಚಣಿ ಮೇಲ್ಮನವಿಗೂ ಅಲ್ಲಿ ನೆರವು ಕೇಳಬಹುದು. ನಿಮಗೆ ಆದಾಯ ಮಿತಿ ಅನ್ವಯಿಸುತ್ತದೆ. ಸಂಬಳದ ಚೀಟಿ ತೆಗೆದುಕೊಂಡು ಹೋಗಿ ವಿಚಾರಿಸಿ.